ಮಾವನ ಡೆಮರೇಜ್ ಲೈಬ್ರರಿ

ನಮ್ಮ ಮಾವ ಮನುಷ್ಯರನ್ನು ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ಕೂರಲು ಬಿಡುತ್ತಾರೆ. ವಸ್ತುಗಳನ್ನು ಮಾತ್ರ ಬಿಡುವುದಿಲ್ಲ! ನೀವು ಅವರ ಮನೆಯ ಜಗಲಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲು ಚಾಚಿ ಬಿದ್ದುಕೊಂಡಿದ್ದರೂ ಅವರು ಚಕಾರವೆತ್ತುವವರಲ್ಲ. ಚಹಾ ಬೇಕಾ ಎಂದು ಕೇಳಿಯಾರು, ಅಷ್ಟೆ. ಆದರೆ ನಿಮ್ಮ ಕೈಚೀಲ ಅದೇ ಜಗಲಿಯ ಮೂಲೆಯಲ್ಲಿ ಒಂದು ರಾತ್ರಿ ಕಳೆಯಿತೋ, ಕೆಲಸ ಕೆಟ್ಟಿತು. "ಇದು ಯಾರದ್ದು? ಯಾಕೆ ಇಲ್ಲಿ ಉಂಟು? ಎಲ್ಲಿಗೆ ಹೋಗ್ಲಿಕ್ಕೆ ಉಂಟು?" ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಅವರು ಅನ್ನ ಮುಟ್ಟುವುದಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಮನೆ ಬೋಳಾರದಲ್ಲಿ. ದುಡಿದದ್ದೆಲ್ಲ ಪಣಂಬೂರಿನ ಬಂದರಿನಲ್ಲಿ, ಸರಕು ಇಳಿಸಿಡುವ ಶೆಡ್ಡುಗಳಲ್ಲಿ. ಹಡಗಿನಿಂದ ಇಳಿದ ಸರಕು ಶೆಡ್ಡಿನಲ್ಲಿ ಗಡುವು ಮೀರಿ ಕುಳಿತರೆ ಅದರ ಯಜಮಾನನಿಗೆ ದಂಡ ಬೀಳುತ್ತದೆ. ಆ ದಂಡಕ್ಕೆ ಡೆಮರೇಜ್ ಎಂದು ಹೆಸರು. ಸರಕು ಇರುವುದು ಹೋಗುವುದಕ್ಕೆ, ಕೂರುವುದಕ್ಕಲ್ಲ ಎಂಬುದು ಆ ದಂಡದ ಹಿಂದಿನ ತತ್ವ. ಉಳಿದವರು ಅದನ್ನು ಡ್ಯೂಟಿ ಮುಗಿದ ಮೇಲೆ ಗೇಟಿನಲ್ಲೇ ಬಿಟ್ಟು ಬರುತ್ತಿದ್ದರು. ಮಾವ ಮನೆಗೆ ತಂದರು. ನಿವೃತ್ತರಾಗಿ ವರ್ಷಗಳೇ ಆದವು, ಬಂದರು ಅವರನ್ನು ಬಿಟ್ಟಿತು; ಡೆಮರೇಜ್ ಬಿಡಲಿಲ್ಲ.

ಒಮ್ಮೆ ಅವರ ಕಣ್ಣು ಹೆಂಡತಿಯ, ಅಂದರೆ ನಮ್ಮ ಮಾಮಿಯ, ಕಪಾಟಿನ ಮೇಲೆ ಬಿತ್ತು. ಒಳಗೆ ಮಾಮಿಯ ಮದುವೆಯ ಧಾರೆ ಸೀರೆ, ಬಿಳಿ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಮಲಗಿಸಿಟ್ಟದ್ದು. "ಇದು ಎಷ್ಟು ಸಮಯದಿಂದ ಇಲ್ಲಿ ಉಂಟು? ಡೆಮರೇಜ್ ಬಿತ್ತಲ್ಲ! ನಾಳೆಯೇ ಉಟ್ಟುಕೊ" ಎಂದು ಅಪ್ಪಣೆಯಾಯಿತು. ಮಾಮಿ ವಾದ ಮಾಡುವವರಲ್ಲ. ಮರುದಿನ ಬೆಳಿಗ್ಗೆ ಜರಿಯಂಚಿನ ಕೆಂಪು ಸೀರೆ ಉಟ್ಟು, ಸೀದಾ ಮೀನಿನ ಮಾರ್ಕೆಟ್ಟಿಗೆ ಹೋದರು. ಮೀನಿನ ಹೆಂಗಸರು ಬುಟ್ಟಿ ಬಿಟ್ಟು ಎದ್ದು ನಿಂತು, "ಯಾರ ಮದುವೆ ಅಕ್ಕಾ?" ಎಂದು ಕೇಳಿದರಂತೆ. "ಬಂಗುಡೆಯದ್ದು" ಎಂದರಂತೆ ಮಾಮಿ. ಆ ಸೀರೆಯಿಂದ ಮೀನಿನ ವಾಸನೆ ಹೋಗಿಸಲು ಮಾವನೇ ಎರಡು ಸಲ ಲಾಂಡ್ರಿಗೆ ಓಡಾಡಿದರು, ಅದು ಬೇರೆ ವಿಷಯ.

ಇಂಥವರು ಚುನಾವಣೆಯ ದಿನ ಓಟು ಹಾಕಲು ನಮ್ಮ ಓಣಿಯ ತುದಿಯ ಕನ್ನಡ ಶಾಲೆಗೆ ಹೋದರು. ಅವರ ಹಿಂದೆಯೇ ಸಾಲಿನಲ್ಲಿ ನಾನೂ ಇದ್ದೆ. ಒಂದು ತರಗತಿ ಕೋಣೆಯೇ ಮತಗಟ್ಟೆ. ಹೆಸರು ನೋಡಿಯಾಯಿತು, ಬೆರಳಿಗೆ ಶಾಯಿ ಹಚ್ಚಿಯಾಯಿತು, ಇನ್ನೇನು ಮರೆಗೆ ಹೋಗಿ ಗುಂಡಿ ಒತ್ತಬೇಕು. ಮಾವ ನಿಂತುಬಿಟ್ಟರು. ಗೋಡೆಗೆ ಒರಗಿ ಗಾಜಿನ ಬಾಗಿಲಿನ ಕಪಾಟೊಂದಿತ್ತು. ಒಳಗೆ ಪುಸ್ತಕಗಳು, ಹೊರಗೆ ಬೀಗ.

"ಈ ಪುಸ್ತಕಗಳು ಎಷ್ಟು ಸಮಯದಿಂದ ಇಲ್ಲಿ ಉಂಟು?" ಎಂದು ಮಾವ ಶಾಯಿ ಹಚ್ಚಿದ ಅಧಿಕಾರಿಯನ್ನು ಕೇಳಿದರು.

"ಅದು ಶಾಲೆಯದ್ದು ಸರ್. ನೀವು ಆ ಕಡೆ ಹೋಗಿ ಓಟು ಹಾಕಿ."

"ಹಾಕ್ತೇನೆ ಮಾರಾಯ್ರೇ, ಓಟು ಎಲ್ಲಿಗೆ ಓಡ್ತದೆ? ಬೀಗಕ್ಕೆ ತುಕ್ಕು ಹಿಡಿದದ್ದು ನೋಡಿ. ಒಳಗೆ ಬಂದ ಸರಕು ಹೊರಗೆ ಹೋಗಿಯೇ ಇಲ್ಲ!"

ಸಾಲಿನ ಹಿಂದಿನಿಂದ ಯಾರೋ ಕೂಗಿದರು, "ಎಂತ, ಮಿಷನ್ ಹಾಳಾಯ್ತಾ?" ಮಿಷನ್ ಸರಿಯಾಗಿಯೇ ಇದೆ, ಹಾಳಾದದ್ದು ನಮ್ಮ ಮಾವ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಪೊಲೀಸಿನವನು ಭುಜ ಮುಟ್ಟಿ ಕರೆದ ಮೇಲೆ ಮಾವ ಒಳಹೋಗಿ ಓಟು ಹಾಕಿದರು. ಹೊರಗೆ ಬರುವಾಗ ಅವರ ಮುಖ ನೋಡಿಯೇ ನನಗೆ ತಿಳಿಯಿತು, ಆ ಶಾಲೆಯ ಗ್ರಹಚಾರ ಕೆಟ್ಟಿದೆ ಎಂದು.

ಮತಗಟ್ಟೆಯವರು ಖಾಲಿ ಮಾಡಿ ಶಾಲೆ ಶುರುವಾದ ದಿನವೇ ಮಾವ ಅಲ್ಲಿ ಹಾಜರು. ಜತೆಗೆ ನಾನು. ಮಾಮಿ ನನ್ನನ್ನು ಕಳಿಸಿದ್ದು ಮಾವನಿಗೆ ನೆರವಾಗಲೆಂದಲ್ಲ, ಶಾಲೆಯವರಿಗೆ ನೆರವಾಗಲೆಂದು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಿವಿಯ ಹಿಂದೆ ಪೆನ್ನು, ದಣಿದ ಕಣ್ಣು. ಅವರು ಮತ್ತು ಇನ್ನೊಬ್ಬ ಸಣ್ಣ ಟೀಚರ್, ಇಬ್ಬರೇ ಒಂದರಿಂದ ಐದರವರೆಗಿನ ಮಕ್ಕಳನ್ನು ನಿಭಾಯಿಸುತ್ತಿದ್ದರು. ನಮ್ಮ ಓಣಿಯ ಮಕ್ಕಳೆಲ್ಲ ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಾರೆ. ಇಲ್ಲಿಗೆ ಬರುವವರು ಘಟ್ಟದ ಮೇಲಿನಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಜತೆಗೆ ನದಿಬದಿಯ ಬ್ಯಾರಿ ಮಾತಾಡುವ, ತುಳು ಮಾತಾಡುವ ಒಂದಷ್ಟು ಮಕ್ಕಳು. ಹೆಚ್ಚಿನವರ ಮನೆಯಲ್ಲಿ ಕ್ಯಾಲೆಂಡರು ಬಿಟ್ಟರೆ ಓದುವಂಥದ್ದು ಏನೂ ಇಲ್ಲ. ಆ ಮಕ್ಕಳಿಗೆ ಆ ಗಾಜಿನ ಕಪಾಟಲ್ಲದೆ ಬೇರೆ ಪುಸ್ತಕವೇ ಈ ಊರಿನಲ್ಲಿಲ್ಲ ಎಂಬುದನ್ನು ನೆನೆದರೆ ನಗು ಬರುವುದಿಲ್ಲ.

"ಬೀಗ ಯಾಕೆ ಟೀಚರ್?" ಮಾವ ಕೇಳಿದರು.

"ಬೀಗ ಇಲ್ಲದಿದ್ರೆ ಪುಸ್ತಕ ಹೋಗ್ತದೆ. ಹೋದ್ರೆ ಉತ್ತರ ಕೊಡ್ಬೇಕಾದವಳು ನಾನು. ಈ ವರ್ಷದ ಕೊನೆಗೆ ನನಗೆ ನಿವೃತ್ತಿ. ಚಾರ್ಜ್ ಬಿಟ್ಟುಕೊಡುವಾಗ ಒಂದೊಂದು ಪುಸ್ತಕವೂ ಅದರ ಜಾಗದಲ್ಲಿ ಇರ್ಬೇಕು. ಇಷ್ಟು ವರ್ಷದ ಸರ್ವಿಸಿನಲ್ಲಿ ನನ್ನ ಕೈಯಿಂದ ಒಂದು ಡಬ್ಬ ಚಾಕ್ ತಪ್ಪಿದ್ದಿಲ್ಲ."

"ಹೋಗ್ಲಿಕ್ಕೇ ಅಲ್ವಾ ಟೀಚರ್ ಪುಸ್ತಕ ಇರೂದು? ಪಣಂಬೂರಿನ ರಸ್ತೆ ನೋಡಿ. ಗೊಬ್ಬರ ಚೆಲ್ಲಿರ್ತದೆ, ಕಲ್ಲಿದ್ದಲು ಚೆಲ್ಲಿರ್ತದೆ. ಚೆಲ್ತದೆ ಅಂತ ಯಾರಾದ್ರೂ ಬಂದರಿಗೆ ಬೀಗ ಹಾಕ್ತಾರಾ?"

ದೊಡ್ಡ ಟೀಚರ್ ಕಿವಿಯ ಹಿಂದಿನ ಪೆನ್ನು ತೆಗೆದು ಕೈಯಲ್ಲಿ ಹಿಡಿದರು. "ನಿಮ್ಮ ಬಂದರಿಗೆ ನೀವೊಬ್ರೇ ಜವಾಬ್ದಾರಿ ಇದ್ರಾ?"

"ಇಲ್ಲಪ್ಪ. ತುಂಬ ಜನ ಇದ್ದೆವು."

"ಇಲ್ಲಿ ನಾನೊಬ್ಬಳೇ."

ನನಗೆ ಟೀಚರ ಮಾತು ನಾಟಿತು. ಶಾಲೆಗಳಲ್ಲಿ ಕಪಾಟಿಗೆ ಬೀಗ ಬೀಳುವುದು ಟೀಚರುಗಳಿಗೆ ಪುಸ್ತಕದ ಮೇಲೆ ಪ್ರೀತಿ ಇಲ್ಲ ಎಂದಲ್ಲ. ಪುಸ್ತಕ ಕಳೆದರೆ ಕೇಳುವವರು ಬೇಕಾದಷ್ಟು ಜನ. ಪುಸ್ತಕವನ್ನು ಮಕ್ಕಳು ಓದಿದರಾ ಎಂದು ಕೇಳುವವರು ಯಾರು ಹೇಳಿ? ವೇಳಾಪಟ್ಟಿಯಲ್ಲಿ ಲೈಬ್ರರಿ ಪಿರಿಯಡ್ ಎಂದು ಒಂದು ಇತ್ತು. ಅದರಲ್ಲಿ ಹಿಂದುಳಿದ ಗಣಿತದ ಪಾಠ ಮುಗಿಸುತ್ತಿದ್ದರು.

ಕೊನೆಗೆ ಒಪ್ಪಂದವಾಯಿತು. ಪ್ರತಿ ಶನಿವಾರ ಮಾವ ಬಂದು ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ನೋಡಿಕೊಳ್ಳಬೇಕು. ಏನಾದರೂ ಕಳೆದರೆ ಅದನ್ನೇ ತಂದು ತುಂಬಿಸಬೇಕು. "ಅದೇ ಪುಸ್ತಕ. ಬೇರೆ ಯಾವುದೋ ತಂದ್ರೆ ಆಗೂದಿಲ್ಲ" ಎಂದರು ಟೀಚರ್. "ಅದೇ ತರ್ತೇನೆ" ಎಂದರು ಮಾವ. ಬೀಗದ ಕೀ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬಿಸಿಯೂಟ ಮಾಡುವ ಅಕ್ಕ ಅಡುಗೆಕೋಣೆಯಿಂದ ಗುಂಡುಕಲ್ಲು ತಂದು ಒಂದೇ ಏಟಿಗೆ ಆ ಸಮಸ್ಯೆ ಬಗೆಹರಿಸಿದರು.

ಕಪಾಟಿನೊಳಗೆ ಏನೇನಿತ್ತು ಎನ್ನುತ್ತೀರಿ! ಜಾನುವಾರುಗಳ ಗರ್ಭಕೋಶದ ಕಾಯಿಲೆಗಳು, ತೆರಿಗೆ ಕಾನೂನು, ಯಾವುದೋ ಸಹಕಾರಿ ಸಂಘದ ಬೆಳ್ಳಿಹಬ್ಬದ ಸಂಚಿಕೆ, ಉದ್ಯೋಗ ಪರೀಕ್ಷೆಯ ಗೈಡುಗಳು. ಇವೆಲ್ಲ ಒಂದನೆಯ ತರಗತಿಯಿಂದ ಐದನೆಯ ತರಗತಿಯ ಮಕ್ಕಳಿಗೆ! ಅವುಗಳ ಅಡಿಯಲ್ಲಿ, ಸೆಣಬಿನ ದಾರದ ಕಟ್ಟು ಕೂಡ ಬಿಚ್ಚದೆ, ಚಿತ್ರದ ಪುಸ್ತಕಗಳು. ದೊಡ್ಡ ಅಕ್ಷರ, ಪುಟಕ್ಕೆ ಎರಡೇ ಸಾಲು, ಬಣ್ಣ ಇನ್ನೂ ಹೊಸದಾಗಿತ್ತು. ಮಾವ ಕಟ್ಟು ಬಿಚ್ಚಿ ನೆಲದಲ್ಲಿ ಕೂತು ಒಂದೊಂದನ್ನೇ ಓದಿದರು. ಓದುತ್ತಾ ಓದುತ್ತಾ ಅವರಿಗೆ ಸಿಟ್ಟು ಬಂತು. "ಇದು ಬಂದ ವರ್ಷ ಒಂದನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಎಲ್ಲಿದ್ದಾರೋ. ಅವರಿಗೆ ಬಂದ ಸರಕು ಅವರಿಗೆ ಸಿಗ್ಲೇ ಇಲ್ಲ" ಎಂದರು.

ಮುಂದಿನ ಶನಿವಾರ ಗಾಜಿನ ಕಪಾಟು ಚಾಕ್, ಡಸ್ಟರುಗಳಿಗೆ ಹೋಯಿತು. ಪುಸ್ತಕಗಳು ಇಟ್ಟಿಗೆಯ ಮೇಲಿಟ್ಟ ಹಲಗೆಗಳಿಗೆ ಇಳಿದವು. ಒಂದನೆಯ ತರಗತಿಯ ಮಗುವಿನ ಕೈಗೆ ಎಟುಕಬೇಕೆಂದು ಮಾವ ಸ್ವತಃ ಕುಕ್ಕರಗಾಲಿನಲ್ಲಿ ಕೂತು ಎತ್ತರ ನೋಡಿದರು. ಎತ್ತರ ಸರಿಯಾಗಿತ್ತು. ಮಾವನಿಗೆ ಏಳಲು ಆಗಲಿಲ್ಲ! ನಾಲ್ಕನೆಯ ತರಗತಿಯ ಮಕ್ಕಳು "ಹೈಸಾ" ಎನ್ನುತ್ತಾ ಅವರನ್ನು ಎಬ್ಬಿಸಿದರು. ಚಿತ್ರದ ಪುಸ್ತಕಗಳ ಮುಖ ಕಾಣುವಂತೆ ಗೋಡೆಗೆ ಹಗ್ಗ ಕಟ್ಟಿ ತೂಗುಹಾಕಿದ್ದಾಯಿತು. ಬೆನ್ನು ಮಾತ್ರ ಕಾಣುವಂತೆ ಒತ್ತೊತ್ತಾಗಿ ನಿಲ್ಲಿಸಿದರೆ, ಓದಲು ಬಾರದ ಮಗುವಿಗೆ ಅದರೊಳಗೆ ಆನೆ ಇದೆಯೋ ಕಾನೂನು ಇದೆಯೋ ಹೇಗೆ ತಿಳಿಯಬೇಕು?

ಇನ್ನು ಕಾನೂನಿನ ಮಾತು. ಎಲ್ಲ ಲೈಬ್ರರಿಗಳಲ್ಲಿ ಪುಸ್ತಕ ತಡವಾಗಿ ತಂದವರಿಗೆ ದಂಡ. ಮಾವನಲ್ಲಿ ಹಾಗಲ್ಲ, ಪುಸ್ತಕ ಕದಲದೆ ಕೂತರೆ ದಂಡ! ವಾರವಿಡೀ ಯಾರೂ ಮುಟ್ಟದ ಪುಸ್ತಕವನ್ನು ಶನಿವಾರ ಹೊರಗೆ ತೆಗೆಯುವುದು. ಅದಕ್ಕೆ ಬಿದ್ದ ಡೆಮರೇಜನ್ನು ದೊಡ್ಡವರು ಕಟ್ಟುವುದು, ಅಂದರೆ ಮಕ್ಕಳ ಎದುರು ನಿಂತು ಅದನ್ನು ಗಟ್ಟಿಯಾಗಿ ಓದಿ ಹೇಳುವುದು. ಮೊದಲ ದಂಡ ದೊಡ್ಡ ಟೀಚರಿಗೆ. ಎರಡನೆಯದು ಬಿಸಿಯೂಟದ ಅಕ್ಕನಿಗೆ. ಅವರು ಒಂದು ನರಿಯ ಕಥೆ ಓದುತ್ತಾ, ನರಿಯ ಮಾತು ಬಂದಾಗ ತಮ್ಮ ಅತ್ತೆಯ ಸ್ವರ ತೆಗೆದರು. ಆ ನರಿಯ ಪುಸ್ತಕಕ್ಕೆ ಅಂದಿನಿಂದಲೇ ಎಳೆದಾಟ. ಮಗಳನ್ನು ಕರೆದುಕೊಂಡು ಹೋಗಲು ಬಂದ ಆಟೋದವರಿಗೂ ದಂಡ ಬಿತ್ತು. ಅವರು ಮೀಟರು ಹಾಕಿದವರಂತೆ ಓಡಿಸಿ ಓಡಿಸಿ ಓದಿ, ಬೆವರು ಒರೆಸಿಕೊಂಡು, "ಇನ್ನು ಗೇಟಿನ ಹೊರಗೇ ನಿಲ್ತೇನೆ ಮಾರಾಯ್ರೇ" ಎಂದರು. ಮುಂದಿನ ಶನಿವಾರ ಒಳಗೇ ಬಂದರು. ಅಪ್ಪನಿಗೆ ಓದಲು ಬರುತ್ತದೆ ಎಂಬುದು ಆ ಮಗಳಿಗೆ ಅಂದೇ ಗೊತ್ತಾದದ್ದು.

ಪುಸ್ತಕ ಅಚ್ಚುಕಟ್ಟಾಗಿ ವಾಪಸು ಬಂದರೆ ಮಾವನಿಗೆ ಸಂಶಯ. "ಓದಿದ್ದೀಯಾ, ಇಲ್ಲ ಪೂಜೆ ಮಾಡಿದ್ದೀಯಾ?" ಎಂದು ಅಡ್ಡ ಪ್ರಶ್ನೆ. ಸಾರಿನ ಕಲೆ, ಹಲಸಿನ ಮೇಣ, ತಂಗಿಯ ಹಲ್ಲಿನ ಗುರುತು ಇದ್ದರೆ ಒಪ್ಪಿಗೆ. ಒಮ್ಮೆ ಹುಡುಗನೊಬ್ಬ ಶಭಾಸ್‌ಗಿರಿ ಸಿಗಲೆಂದು ಮನೆಯಿಂದ ಬೇಕೆಂದೇ ಮೀನುಸಾರು ಚೆಲ್ಲಿಕೊಂಡು ಬಂದ! ದೊಡ್ಡ ಟೀಚರ್ ಆ ಪುಸ್ತಕವನ್ನು ಎರಡು ಬೆರಳಿನಲ್ಲಿ ಹಿಡಿದು ಮಾವನ ಮೂಗಿನ ಎದುರು ತೂಗಿದರು. ಅಲ್ಲಿಂದ ಮುಂದೆ ಕಲೆಯ ವಿಷಯದಲ್ಲಿ ಮಾವ ಸ್ವಲ್ಪ ಬಿಗಿಯಾದರು.

ಮತ್ತೆ ದಾನಿಗಳ ಕಾಟ. ನಮ್ಮ ಊರಿನ ಗಣ್ಯರೊಬ್ಬರು ಮನೆ ಸ್ವಚ್ಛ ಮಾಡಿದವರು ರದ್ದಿಯವನನ್ನು ಕರೆಯುವ ಬದಲು ಶಾಲೆಗೆ ಫೋನು ಮಾಡಿದರು. ಆಟೋ ತುಂಬ ಪುಸ್ತಕ, ಜತೆಗೆ ಫೋಟೋ ತೆಗೆಯುವವನು. ಮಾವ ಗೇಟಿನಲ್ಲೇ ತಡೆದು ಕಟ್ಟು ಬಿಚ್ಚಿ ನೋಡಿದರು: ಮಗನ ಕಾಲೇಜಿನ ಲೆಕ್ಕಶಾಸ್ತ್ರ, ಹಳೆಯ ಷೇರು ಮಾರುಕಟ್ಟೆಯ ವಾರಪತ್ರಿಕೆಗಳು. ಟೀಚರಿಗೆ ಸಂಕೋಚ, ಬೇಡ ಎನ್ನುವುದು ಹೇಗೆ? ಮಾವ ಗಣ್ಯರನ್ನು ನಗುತ್ತಾ ಬರಮಾಡಿಕೊಂಡರು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪುಸ್ತಕ ಹಸ್ತಾಂತರದ ಫೋಟೋ ತೆಗೆಸಿದರು, ಚಹಾ ಕುಡಿಸಿದರು. ಅವರ ಕಾರು ಹೊರಟ ಮೇಲೆ ಅದೇ ಆಟೋದಲ್ಲಿ ಅದೇ ಪುಸ್ತಕಗಳನ್ನು ಅವರ ಮನೆಗೇ ತಿರುಗಿಸಿ ಕಳಿಸಿದರು. "ಬಂದ ಹಡಗನ್ನೆಲ್ಲ ಇಳಿಸಿಕೊಳ್ಳಿಕ್ಕೆ ಆಗೂದಿಲ್ಲ ಟೀಚರ್. ಜಾಗ ಬೇಡ್ವಾ?" ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡು ಆಫೀಸಿನೊಳಗೆ ಹೋದರು. ಅವರು ನಗುವುದನ್ನು ಮಕ್ಕಳು ನೋಡಬಾರದಲ್ಲ!

ಆ ಮಕ್ಕಳಲ್ಲಿ ಎರಡನೆಯ ತರಗತಿಯ ಒಬ್ಬಳು ಹುಡುಗಿ ಇದ್ದಳು. ಕೊಪ್ಪಳದ ಕಡೆಯವಳು. ಅಪ್ಪ, ಅಮ್ಮ ಇಬ್ಬರೂ ಹತ್ತಿರದಲ್ಲೇ ಏಳುತ್ತಿದ್ದ ಫ್ಲ್ಯಾಟಿನ ಕೆಲಸಕ್ಕೆ ಬಂದವರು. ಶಾಲೆಗೆ ಸೇರಿದಂದಿನಿಂದ ಆಕೆ ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಹೆಸರು ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೆ. ಆದರೆ ಮನೆಯಲ್ಲಿ ಮಾತು ಇತ್ತು. ಬೇಕಾದಷ್ಟು ಮಾತಾಡ್ತಾಳೆ ಎಂದು ತಾಯಿ ಹೇಳುತ್ತಿದ್ದಳಂತೆ. ನಮ್ಮ ಕನ್ನಡ ಅವಳಿಗೆ ಪುಸ್ತಕದ ಹಾಗೆ ಕೇಳಿಸುತ್ತಿತ್ತೋ, ಅವಳ ಕನ್ನಡಕ್ಕೆ ಯಾರೋ ನಕ್ಕಿದ್ದರೋ, ಗೊತ್ತಿಲ್ಲ. "ಎಲ್ಲ ಉಪಾಯ ಮಾಡಿ ಸೋತೆ. ಓದ್ಲಿಕ್ಕೆ ಬರ್ತದಾ ಇಲ್ವಾ ಅಂತಲೇ ನನಗೆ ಗೊತ್ತಾಗೂದಿಲ್ಲ" ಎಂದು ಟೀಚರ್ ಒಂದು ದಿನ ಮಾವನಲ್ಲಿ ಹೇಳಿಕೊಂಡರು. ಅವರ ಸ್ವರದಲ್ಲಿ ನಿಜವಾದ ನೋವಿತ್ತು.

ಮಾವ ಆ ಹುಡುಗಿಯನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಸೀಲು ಹಾಕಿ ಬಂದ ಕಂಟೇನರನ್ನು ನಾವು ಒಡಿಲಿಕ್ಕಿಲ್ಲ ಟೀಚರ್. ಯಜಮಾನರು ಬಂದೇ ತೆರೀಬೇಕು" ಎಂದರು. ಅವಳು ಪ್ರತಿ ಶನಿವಾರ ಹಗ್ಗದಿಂದ ಒಂದೇ ಪುಸ್ತಕ ಎಳೆಯುತ್ತಿದ್ದಳು. ಗಾಳಿಗೆ ಕೊಡೆ ಹಾರಿಹೋದ ಕಪ್ಪೆಯೊಂದು ಮಳೆಯಲ್ಲಿ ಅದನ್ನು ಹುಡುಕುತ್ತಾ ಹೋಗುವ ಕಥೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತದೆ: ಕೋಳಿಯನ್ನು, ಎಮ್ಮೆಯನ್ನು, ಆಲದ ಮರವನ್ನು. ಒಂದು ಪುಟದಲ್ಲಿ ಕಪ್ಪೆಯ ಪ್ರಶ್ನೆ. ಹಾಳೆ ಮಗುಚಿದರೆ ಹಿಂದೆ ಉತ್ತರ. "ಬೇರೆ ಪುಸ್ತಕ ತಗೋ" ಎಂದು ಸಣ್ಣ ಟೀಚರ್ ಹೇಳಿದರೆ ಮಾವ ಕಣ್ಣಲ್ಲೇ ತಡೆಯುತ್ತಿದ್ದರು. ಹುಡುಗಿ ಅದನ್ನು ತಿಂಗಳುಗಟ್ಟಲೆ ಒಯ್ದಳು, ತಂದಳು, ಮತ್ತೆ ಒಯ್ದಳು.

ದಸರಾ ರಜೆ ಮುಗಿದಾಗ ಅವಳು ಬರಲಿಲ್ಲ. ಫ್ಲ್ಯಾಟಿನ ಆ ಹಂತದ ಕೆಲಸ ಮುಗಿದು, ಮೇಸ್ತ್ರಿ ತನ್ನ ಆಳುಗಳನ್ನೆಲ್ಲ ಲಾರಿ ಹತ್ತಿಸಿ ಬೇರೆ ಕಡೆಗೆ ಕರೆದುಕೊಂಡು ಹೋಗಿದ್ದ. ಹುಡುಗಿಯೊಂದಿಗೆ ಕಪ್ಪೆಯೂ ಹೋಗಿತ್ತು.

ಕೊಟ್ಟ ಮಾತಿನಂತೆ ಮಾವ ಅದೇ ಪುಸ್ತಕ ತರಲು ಹೊರಟರು. ಹಂಪನಕಟ್ಟೆ ಪೇಟೆಯ ಪುಸ್ತಕದ ಅಂಗಡಿಗಳಲ್ಲಿ ಕೇಳಿದರು, ಸಿಗಲಿಲ್ಲ. ಮುದ್ರಿಸಿದವರಿಗೆ ಫೋನು ಮಾಡಿಸಿದರು. ಪ್ರತಿಗಳು ಮುಗಿದಿವೆ, ಮತ್ತೆ ಅಚ್ಚು ಹಾಕುವ ವಿಚಾರವಿಲ್ಲ ಎಂದರು. ಬೇರೆ ಒಳ್ಳೆಯ ಪುಸ್ತಕಗಳನ್ನು ಕೊಂಡು ತಂದು ಟೀಚರ ಮೇಜಿನ ಮೇಲಿಟ್ಟರು. ಟೀಚರ್ ಅವುಗಳನ್ನು ಮುಟ್ಟಲಿಲ್ಲ. ಜಗಳವನ್ನೂ ಆಡಲಿಲ್ಲ. ಮುಂದಿನ ಶನಿವಾರ ನಾವು ಹೋದಾಗ ಹಗ್ಗ ಖಾಲಿ, ಹಲಗೆ ಖಾಲಿ. ಪುಸ್ತಕಗಳೆಲ್ಲ ಗಾಜಿನ ಕಪಾಟಿಗೆ ಮರಳಿದ್ದವು, ಅದಕ್ಕೊಂದು ಹೊಸ ಬೀಗ ಬಿದ್ದಿತ್ತು.

"ನಿವೃತ್ತಿ ಹತ್ರ ಬಂತು. ಇನ್ನೊಂದು ಹೋದ್ರೆ ನನ್ನಿಂದ ಆಗೂದಿಲ್ಲ" ಎಂದರು ಟೀಚರ್, ಕಿಟಕಿಯ ಹೊರಗೆ ನೋಡುತ್ತಾ. "ಆ ಒಂದು ಪುಸ್ತಕ ಬಂದ ದಿನ ಬೀಗ ತೆಗೀತೇನೆ. ತಪ್ಪು ತಿಳೀಬೇಡಿ."

ಕಪಾಟಿನ ಎದುರು ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಮಾವ ಅವರನ್ನು ನೋಡಿದರು, ಟೀಚರನ್ನು ನೋಡಿದರು. ಡೆಮರೇಜಿನ ಮಾತು ಎತ್ತುತ್ತಾರೆ ಎಂದು ನಾನು ಕಾದೆ. ಅವರು ಚಪ್ಪಲಿ ಮೆಟ್ಟಿ ಹೊರಟರು. ಮನೆಯ ದಾರಿಯಲ್ಲಿ, "ಅವರದ್ದೂ ತಪ್ಪಲ್ಲ ಮಾರಾಯ್ತಿ" ಎಂದರು. ಅಷ್ಟು ಸಪ್ಪೆಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆ ವಾರ ಮನೆಯಲ್ಲಿ ಯಾವ ವಸ್ತು ಎಲ್ಲಿ ಕೂತರೂ ಅವರಿಗೆ ಕಾಣಿಸಲಿಲ್ಲ. ಅದನ್ನು ನೋಡಿ ಹೆದರಿದವರು ಮಾಮಿ.

ಬಿಸಿಯೂಟದ ಅಕ್ಕನೇ ಸುದ್ದಿ ತಂದರು. ಆ ಕುಟುಂಬ ದೂರವೇನೂ ಹೋಗಿಲ್ಲ, ಬೈಕಂಪಾಡಿಯಲ್ಲಿ ಹೊಸ ಗೋದಾಮು ಕಟ್ಟುವಲ್ಲಿ ಇದೆ ಎಂದು. ಭಾನುವಾರ ನಾನು ಕಾರು ತೆಗೆದೆ. ಮಾವ ಮುಂದೆ ಕೂತರು. ನಾನೂ ಬರ್ತೇನೆ ಎಂದು ಟೀಚರ್ ಹಿಂದಿನ ಸೀಟು ಹತ್ತಿದರು; ಪುಸ್ತಕಕ್ಕೆ ಹೊದಿಸಲು ಕಂದು ಬಣ್ಣದ ಕಾಗದ ಕೂಡ ಬ್ಯಾಗಿನಲ್ಲಿ ಹಾಕಿಕೊಂಡಿದ್ದರು. ಕೂಳೂರಿನ ಸೇತುವೆ ದಾಟಿ ಪಣಂಬೂರು ಬಂದಾಗ ಬಂದರಿನ ಗೇಟು ಎಡಕ್ಕೆ ಹಾದುಹೋಯಿತು. ಪ್ರತಿ ಸಲ ಅಲ್ಲಿ ಒಂದು ಭಾಷಣ ಬಿಗಿಯುವ ಮಾವ ಅಂದು ಮುಂದಿನ ರಸ್ತೆಯಲ್ಲೇ ಗೋದಾಮು ಹುಡುಕುತ್ತಿದ್ದರು.

ಗೋದಾಮಿನ ಹಿಂದೆ ಕೆಲಸಗಾರರ ತಗಡಿನ ಶೆಡ್ಡುಗಳ ಸಾಲು. ಮಧ್ಯಾಹ್ನದ ಬಿಸಿಲು. ಒಂದು ಶೆಡ್ಡಿನ ಹೊರಗೋಡೆಯ ನೆರಳಿನಲ್ಲಿ ಒಂದಷ್ಟು ಮಕ್ಕಳು ಗೋಡೆಗೆ ಮುಖ ಮಾಡಿ ಕೂತಿದ್ದರು. ಏನು ನೋಡುತ್ತಿದ್ದಾರೆ ಎಂದು ಹತ್ತಿರ ಹೋದೆವು. ಗೋಡೆಯಲ್ಲಿ ಕಪ್ಪೆ ಇತ್ತು. ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಅನ್ನ ತಿಕ್ಕಿ, ತಗಡಿನ ಉದ್ದಕ್ಕೂ ಸಾಲಾಗಿ ಅಂಟಿಸಲಾಗಿತ್ತು.

"ಅಯ್ಯೋ ದೇವರೇ, ಪುಸ್ತಕ!" ಎಂದರು ಟೀಚರ್.

ಆ ಸ್ವರ ಕೇಳಿ ಮಕ್ಕಳೆಲ್ಲ ಎದ್ದರು. ನಮ್ಮ ಹುಡುಗಿ ಗೋಡೆಯ ಬದಿಯಲ್ಲಿ ಕಡ್ಡಿ ಹಿಡಿದು ನಿಂತಿದ್ದಳು. ಟೀಚರನ್ನು ಕಂಡು ಅವಳ ಮುಖ ಬಿಳುಚಿಕೊಂಡಿತು. ತಾಯಿ ಒಳಗಿನಿಂದ ಓಡಿ ಬಂದಳು. "ತಪ್ಪಾತ್ರಿ ಅಕ್ಕಾರ. ಎಲ್ಲಾ ಹುಡುಗ್ರೂ ನಂಗ ನಂಗ ಅಂತ ಕಿತ್ತಾಡಾಕತ್ತಿದ್ರು, ಅದಕ್ಕ ಇಕಿ ಅನ್ನ ಹಚ್ಚಿ ಅಂಟಿಸ್ಯಾಳ್ರಿ. ಇಲ್ಲಿ ಸಾಲಿಗೆ ಇನ್ನಾ ಹಾಕಿಲ್ರಿ, ದೊಡ್ಡ ರಸ್ತಾ ದಾಟಿ ಹೋಗ್ಬೇಕ್ರಿ" ಎಂದು ಸೆರಗು ಹಿಂಡುತ್ತಾ ನಿಂತಳು.

ಮಾವ ಗೋಡೆಯ ಹತ್ತಿರ ಹೋಗಿ ಒಂದು ಹಾಳೆಯ ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿದರು. ಕೊಟ್ಟ ಮಾತು ಅವರ ತಲೆಯಲ್ಲಿತ್ತು. "ನೀರು ಚಿಮುಕಿಸಿದ್ರೆ ಬಿಡ್ತದೆ ಟೀಚರ್. ಮೆಲ್ಲ ಬಿಡಿಸಿ, ಒಣಗಿಸಿ, ಹೊಲಿದು ಕೊಡ್ತೇನೆ."

ಟೀಚರಿಗೆ ಅದು ಕೇಳಿಸಿತೋ ಇಲ್ಲವೋ. ಅವರು ಗೋಡೆಯ ಉದ್ದಕ್ಕೂ ಹಾಳೆಯಿಂದ ಹಾಳೆಗೆ ನಡೆಯುತ್ತಿದ್ದರು. ತುದಿಯವರೆಗೆ ಹೋಗಿ ತಿರುಗಿ ಬಂದರು. "ಬರೀ ಪ್ರಶ್ನೆಯೇ ಉಂಟಲ್ಲ" ಎಂದರು. ಅವರಿಗೆ ಅರಿವಿಲ್ಲದೆಯೇ ತರಗತಿಯ ಸ್ವರ ಬಂದಿತ್ತು. "ಉತ್ತರ ಇರುವ ಬದಿ ತಗಡಿಗೆ ಅಂಟಿ ಹೋಗಿದೆ. ಈ ಮಕ್ಕಳಿಗೆ ಕಥೆ ಹೇಗೆ ಗೊತ್ತಾಗೂದು?"

"ಆ ಕಡೀದು ನಾ ಹೇಳ್ತೀನ್ರೀ."

ಯಾರು ಹೇಳಿದ್ದೆಂದು ನಾವು ಮೂವರೂ ತಿರುಗಿ ನೋಡಿದೆವು. ಹುಡುಗಿ ಕಡ್ಡಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಸ್ವರ ಸಣ್ಣದು, ಆದರೆ ಸ್ಪಷ್ಟ. ಅವಳು ಕೋಳಿಯ ಚಿತ್ರದ ಮೇಲೆ ಕಡ್ಡಿ ಇಟ್ಟಳು.

"ಕೋಳಿ ಹೇಳ್ತೈತ್ರಿ, ನಿನ್ನ ಕೊಡಿ ನಾ ನೋಡಿಲ್ಲ. ಆದ್ರ ನೀ ತೋಯ್ಸ್ಕೋಬ್ಯಾಡ. ನನ್ನ ರೆಕ್ಕಿ ತಳಗ ಬಾ, ನನ್ನ ಮರಿ ಸಂಗಾಟ ನಿಂದ್ರು."

ಪುಸ್ತಕದಲ್ಲಿ ಇಷ್ಟೆಲ್ಲ ಇರಲಿಲ್ಲ, ಹೀಗೆಯೂ ಇರಲಿಲ್ಲ. ಅದನ್ನು ಅವಳು ತನ್ನ ಮಾತಿಗೆ ತಂದುಕೊಂಡಿದ್ದಳು. ಟೀಚರ್ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಮಾವನಿಗೆ ಅಳು ಬಂತು. ಅಡಗಿಸಲು ಯತ್ನಿಸಲೂ ಇಲ್ಲ. ಮಕ್ಕಳೆದುರು, ಕೆಲಸಗಾರರೆದುರು, ಕೆನ್ನೆ ಒದ್ದೆ ಮಾಡಿಕೊಂಡು ನಿಂತರು. ಜೀವಮಾನವಿಡೀ ಲೋಕದ ಸಾಮಾನುಗಳನ್ನೆಲ್ಲ ಅತ್ತಿಂದಿತ್ತ ಓಡಿಸಿದ ಈ ಹುಚ್ಚು ಮುದುಕನ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಎಂಬುದು ಆ ಬಿಸಿಲಿನಲ್ಲಿ ನಿಂತಾಗ ನನಗೆ ತಿಳಿಯಿತು. ಅವರು ಕಣ್ಣು ಒರೆಸಿಕೊಂಡು, ಒಪ್ಪಂದ ಮುಗಿಸುವವರಂತೆ ಮತ್ತೆ ಹಾಳೆಯ ಮೂಲೆಗೆ ಕೈ ಹಾಕಿದರು.

"ಮುಟ್ಬೇಡಿ ಮಾರಾಯ್ರೇ!" ಟೀಚರ್ ಗದರಿದರು. "ಅದು ಅಲ್ಲೇ ಇರ್ಲಿ. ಒಂದು ಕಡಿಮೆ ಉಂಟು ಅಂತ ನಾನೇ ಬರೆದು ಸಹಿ ಹಾಕ್ತೇನೆ. ಕಪಾಟಿನ ಬೀಗವನ್ನೂ ನಾಳೆಯೇ ತೆಗೀತೇನೆ. ಯಾರು ಬೇಕಾದ್ರೂ ಕೇಳ್ಲಿ, ಇಲ್ಲಿಗೆ ಕರ್ಕೊಂಡು ಬಂದು ತೋರಿಸ್ತೇನೆ."

ಮತ್ತೆ ಬ್ಯಾಗನ್ನು ಬದಿಗಿಟ್ಟು, ಇಸ್ತ್ರಿ ಮಾಡಿದ ಸೀರೆಯನ್ನು ಒಂದಿಷ್ಟೂ ಲೆಕ್ಕಿಸದೆ ಸಿಮೆಂಟಿನ ಧೂಳಿನಲ್ಲಿ, ಮಕ್ಕಳ ನಡುವೆ ಕಾಲು ಮಡಚಿ ಕೂತರು. ಎರಡನೆಯ ಹಾಳೆಗೆ ಕಣ್ಣು ಕಿರಿದು ಮಾಡಿ, ಒಂದನೆಯ ತರಗತಿಯ ಮಗು ಓದುವಂತೆ ರಾಗ ಎಳೆದು ಓದಿದರು: "ಎಮ್ಮೆಯಕ್ಕಾ, ಎಮ್ಮೆಯಕ್ಕಾ, ನನ್ನ ಕೊಡೆ ಕಂಡೆಯಾ?"

ಓದಿ, ಉತ್ತರಕ್ಕಾಗಿ ಆ ಹುಡುಗಿಯ ಮುಖ ನೋಡಿದರು.